ಲ್ಯಾಪ್‌ಟಾಪಿನ ತಾಪವೂ ಅದರ ಶಮನೋಪಾಯವೂ

ಮಗುವಿಗೆ ಮೈ ಬಿಸಿಯಾದರೆ ತಾಯಿಯು ಮೊದಲು ಹಣೆಯನ್ನು ಮುಟ್ಟಿ ನೋಡುವಳು, ನಾಲಗೆಯನ್ನು ನೋಡುವಳು, ನಿನ್ನೆ ಎಲ್ಲಿ ಆಡಿತು, ಏನು ತಿಂದಿತು ಎಂದು ವಿಚಾರಿಸುವಳು, ಅನಂತರವೇ ಕಷಾಯಕ್ಕೆ ಕೈಹಾಕುವಳು. ಯಂತ್ರಕ್ಕೆ ಮೈ ಬಿಸಿಯಾದಾಗ ಮಾತ್ರ ನಾವು ಗೃಹಸ್ಥರು ಇಷ್ಟು ತಾಳ್ಮೆಯನ್ನು ತೋರುವುದಿಲ್ಲ. ಮೊದಲು ಯಂತ್ರವನ್ನು ಬೈಯುವೆವು. ಬಳಿಕ ಅದನ್ನು ಉಪಯೋಗಿಸುವ ಹುಡುಗನನ್ನು ಬೈಯುವೆವು. ಕಾರಣವನ್ನು ಹುಡುಕುವ ಕೆಲಸವನ್ನು ಕಟ್ಟಕಡೆಗೆ ಇಟ್ಟುಕೊಳ್ಳುವೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯು ಹುಟ್ಟಿದುದು ಇಂತಹ ಮನೆಗಳನ್ನು ನೋಡಿಯೇ ಇರಬೇಕು. ಕಳೆದ ಬೇಸಗೆಯಲ್ಲಿ ನಮ್ಮ ಮನೆಯೂ ಇಂತಹ ಮನೆಗಳಲ್ಲಿ ಒಂದಾಯಿತು. ಆ ವೃತ್ತಾಂತದಿಂದ ನಾವು ಕಲಿತುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ವಾಸವು ಬಳ್ಳಾರಿಯಲ್ಲಿ. ಇಲ್ಲಿಯ ಬಿಸಿಲಿನ ಕೀರ್ತಿಯನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಇಲ್ಲಿ ಆಶ್ಚರ್ಯದ ಸಂಗತಿಯಲ್ಲ. ರಾತ್ರಿ ಒಂಬತ್ತಾದರೂ ಗೋಡೆಗಳು ಹಗಲಿನ ಸಾಲವನ್ನು ತೀರಿಸುತ್ತಲೇ ಇರುವುವು. ನಮ್ಮ ಕಿರಿಯ ಮಗನು ಎಂಜಿನಿಯರಿಂಗ್ ವಿದ್ಯಾಭ್ಯಾಸದ ಕೊನೆಯ ವರ್ಷದಲ್ಲಿದ್ದನು. ಮೂರು ವರ್ಷಗಳ ಹಿಂದೆ, ನಾವು ಇನ್ನೂ ಸೇವೆಯಲ್ಲಿದ್ದಾಗ, ಭವಿಷ್ಯನಿಧಿಯಿಂದ ಎಂಬತ್ತು ಸಾವಿರಕ್ಕೆ ಮೇಲ್ಪಟ್ಟ ಹಣವನ್ನು ತೆಗೆದು ಅವನಿಗೊಂದು ಲ್ಯಾಪ್‌ಟಾಪನ್ನು ಕೊಡಿಸಿದ್ದೆವು. ಅದು ಸಾಮಾನ್ಯವಾದ ಲ್ಯಾಪ್‌ಟಾಪಲ್ಲ. ಆಟಗಳನ್ನು ಆಡುವವರಿಗಾಗಿಯೇ ನಿರ್ಮಿಸಿದ, ಗೇಮಿಂಗ್ ಲ್ಯಾಪ್‌ಟಾಪೆಂದು ಕರೆಯುವ ಜಾತಿಯದು. "ಪಾಠಕ್ಕೆ ಆಟದ ಯಂತ್ರವೇಕಪ್ಪಾ?" ಎಂದು ನಾವು ಅಂದೇ ಕೇಳಿದ್ದುಂಟು. ಚಿತ್ರಗಳನ್ನು ಗುರುತಿಸುವಂತೆ ಗಣಕಕ್ಕೆ ಶಿಕ್ಷಣ ಕೊಡಲು ಗ್ರಾಫಿಕ್ಸ್ ಚಿಪ್ ಎಂಬುದೊಂದು ಬೇಕೆಂದೂ, ಅದು ಇಂತಹ ಯಂತ್ರಗಳಲ್ಲಿಯೇ ಬಲವಾಗಿರುವುದೆಂದೂ ಅವನು ಸಮಾಧಾನ ಹೇಳಿದ್ದನು. ನಾವು ಒಪ್ಪಿದ್ದೆವು, ಆದರೆ ಸಂಶಯದ ಬೀಜವು ಮನಸ್ಸಿನಲ್ಲಿ ಉಳಿದಿತ್ತು.

ಅವನು ಕೊನೆಯ ವರ್ಷಕ್ಕೆ ಕೈಕೊಂಡ ಕೆಲಸವು, ಮೆಣಸಿನ ಗಿಡದ ಎಲೆಯ ಚಿತ್ರವನ್ನು ನೋಡಿ ಅದಕ್ಕೆ ಅಂಟಿದ ರೋಗವನ್ನು ಗಣಕವು ಹೇಳುವಂತೆ ಮಾಡುವುದು. ನಮ್ಮ ಸೀಮೆಯಲ್ಲಿ ಮೆಣಸಿನಕಾಯಿಯನ್ನು ನೆಚ್ಚಿದ ಸಂಸಾರಗಳು ಎಷ್ಟೋ ಇರುವುದರಿಂದ ಆ ಕೆಲಸವು ನಮಗೂ ಮೆಚ್ಚಿಗೆಯಾಗಿತ್ತು. ಪರೀಕ್ಷಕರ ಮುಂದೆ ಅದನ್ನು ತೋರಿಸಲು ಹದಿನೈದು ದಿನಗಳು ಉಳಿದಿರುವಾಗ ಯಂತ್ರವು ಹಟ ಹಿಡಿಯಿತು. ಕೆಲಸಕ್ಕೆ ಹಚ್ಚಿದ ಹತ್ತು ನಿಮಿಷಗಳಲ್ಲಿ ಅದರ ಫ್ಯಾನು ಹಿಟ್ಟಿನ ಗಿರಣಿಯಂತೆ ಮೊರೆಯುವುದು. ಕೀಲಿಗಳ ಮೇಲೆ ಬೆರಳಿಡಲಾಗದಷ್ಟು ಬಿಸಿಯೇರುವುದು. ಕೆಲಸವು ಆಮೆಯ ನಡಿಗೆಗೆ ಇಳಿಯುವುದು. ಕೊನೆಗೆ ಹೇಳದೆ ಕೇಳದೆ ಆರಿಹೋಗುವುದು. ಇಡೀ ರಾತ್ರಿ ನಡೆಯಬೇಕಾದ ಲೆಕ್ಕಾಚಾರವು ನಡುರಾತ್ರಿಯಲ್ಲಿ ತುಂಡಾಗಿ ಮರುದಿನ ಮೊದಲಿನಿಂದ ಆರಂಭವಾಗಬೇಕಾಗುವುದು.

ನಾವು ನಲವತ್ತು ವರ್ಷಗಳ ಹಿಂದೆ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕವನ್ನು ಓದಿದವರು. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಪ್ರಸಿದ್ಧ ದೃಷ್ಟಾಂತವನ್ನು ಎಷ್ಟೋ ತರಗತಿಗಳಿಗೆ ಬೋಧಿಸಿದವರು. ಆ ಹೆಮ್ಮೆಯಿಂದಲೇ ಅಂದು ಊಹೆ ಮಾಡಿದೆವು: ಯಂತ್ರವು ಆಟದ ಯಂತ್ರ, ಹುಡುಗನು ಆಗಾಗ್ಗೆ ಆಟವಾಡುವುದನ್ನು ನಾವು ಕಂಡಿದ್ದೇವೆ, ಆದಕಾರಣ ಯಂತ್ರವನ್ನು ಕೆಡಿಸಿದುದು ಆಟವೇ. ಈ ತೀರ್ಪನ್ನು ಊಟದ ಹೊತ್ತಿನಲ್ಲಿ, ಮನೆಯವರೆಲ್ಲ ಕೇಳುವಂತೆ, ಸ್ವಲ್ಪ ಕಠಿನವಾದ ಮಾತುಗಳಲ್ಲಿಯೇ ಹೇಳಿದೆವು. ಅವನು ಎದುರಾಡಲಿಲ್ಲ. ಊಟ ಮುಗಿಸಿ, ಯಂತ್ರದಲ್ಲಿದ್ದ ಆಟಗಳನ್ನೆಲ್ಲ ನಮ್ಮೆದುರಿಗೇ ಅಳಿಸಿಹಾಕಿದನು. ಅನಂತರ ಮೂರು ದಿನ ನಮ್ಮೊಡನೆ ಮಾತನಾಡಲಿಲ್ಲ. ಆ ಮೂರು ದಿನವೂ ಯಂತ್ರವು ಮೊದಲಿನಂತೆಯೇ ಆರುತ್ತಿದ್ದಿತು.

ನಾವು ಹೇಳಿದ ಕಾರಣವನ್ನು ತೆಗೆದುಹಾಕಿದರೂ ಕಾರ್ಯವು ನಿಲ್ಲಲಿಲ್ಲವೆಂದ ಮೇಲೆ ಆ ಹೇತುವು ವ್ಯಭಿಚಾರಿಯೆಂಬುದನ್ನು ಒಪ್ಪಲೇಬೇಕಾಯಿತು. ಬೇರೆಯವರ ವಾದದಲ್ಲಿ ಹೇತ್ವಾಭಾಸವನ್ನು ತೋರಿಸುವುದು ಸುಲಭ. ತನ್ನದರಲ್ಲಿ ಕಾಣುವುದು ಕಷ್ಟ.

ಇಷ್ಟರಲ್ಲಿ ಮನೆಮದ್ದುಗಳೂ ನಡೆದುವು. ಹೂಜಿಯ ನೀರು ಒದ್ದೆಬಟ್ಟೆಯಿಂದ ತಣ್ಣಗಾಗುವುದನ್ನು ನೆನೆದು ನಮ್ಮ ಮನೆಯವರು ಯಂತ್ರದ ಕೆಳಗೆ ಒದ್ದೆ ಟವಲನ್ನು ಹಾಸಿದರು. ನೋಡಲು ಬಂದಿದ್ದ ನಮ್ಮ ತಂಗಿಯು ಅದನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿ ಇಡಬಾರದೇಕೆಂದಳು. ಇವೆರಡೂ ಅಪಾಯಕರವಾದ ಉಪಾಯಗಳೆಂದು ಅನಂತರ ತಿಳಿಯಿತು. ಒದ್ದೆಬಟ್ಟೆಯ ನೀರನ್ನು ಕೆಳಗಿನ ಗಾಳಿಗಂಡಿಗಳ ಮೂಲಕ ಫ್ಯಾನು ಒಳಕ್ಕೆ ಸೆಳೆಯಬಹುದು. ಫ್ರಿಜ್ಜಿನಿಂದ ಹೊರತೆಗೆದ ಯಂತ್ರದ ಒಳಗೆ, ತಣ್ಣೀರಿನ ತಂಬಿಗೆಯ ಹೊರಮೈಮೇಲೆ ಮೂಡುವಂತೆಯೇ ನೀರಹನಿಗಳು ಮೂಡುವುವು. ವಿದ್ಯುತ್ತು ಹರಿಯುವಲ್ಲಿ ನೀರು ಸೇರಿದರೆ ಆಗುವ ಅನರ್ಥವನ್ನು ಹೇಳಬೇಕಾಗಿಲ್ಲ. ಬಜಾರಿನ ಅಂಗಡಿಯೊಂದರಲ್ಲಿ ತೋರಿಸಿದಾಗ, ಅಲ್ಲಿಯವರು ಯಂತ್ರವನ್ನು ಬಿಚ್ಚಿಯೂ ನೋಡದೆ, ಮುಖ್ಯ ಫಲಕವನ್ನೇ ಬದಲಾಯಿಸಬೇಕು, ಮೂವತ್ತು ಸಾವಿರವಾದೀತು ಎಂದರು. ನಾವು ಎದ್ದು ಬಂದೆವು.

ಕೊನೆಗೆ ನಮ್ಮ ಹಳೆಯ ಶಿಷ್ಯನೊಬ್ಬನ ನೆನಪಾಯಿತು. ತರಗತಿಯಲ್ಲಿ ಶಬ್ದರೂಪಗಳನ್ನು ಎಂದೂ ಒಪ್ಪಿಸದೆ, ಗೆಳೆಯರ ಕೈಗಡಿಯಾರಗಳನ್ನು ಬಿಚ್ಚಿ ಜೋಡಿಸುತ್ತಿದ್ದ ಹುಡುಗನವನು. ಈಗ ಗಣಕಗಳನ್ನು ರಿಪೇರಿ ಮಾಡುವ ಚಿಕ್ಕ ಅಂಗಡಿಯನ್ನಿಟ್ಟಿದ್ದಾನೆ. ಅವನು ಯಂತ್ರವನ್ನು ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿದನು: "ಮೇಷ್ಟ್ರೇ, ತಮ್ಮ ಇದನ್ನ ಎಲ್ಲಿಟ್ಕೊಂಡು ಕೆಲಸ ಮಾಡ್ತಾನೆ?" ನಮ್ಮ ಮಗನು ಒಂದು ಕ್ಷಣ ನಮ್ಮ ಮುಖವನ್ನು ನೋಡಿ, "ಹಾಸಿಗೆ ಮೇಲೆ" ಎಂದನು. "ಮೇಜಿಲ್ಲವೇನು?" ಎಂಬ ಮಾತಿಗೆ ಅವನು ಉತ್ತರ ಕೊಡಲಿಲ್ಲ. ಉತ್ತರವು ನಮಗೆ ಗೊತ್ತಿತ್ತು. ಮನೆಯಲ್ಲಿರುವ ಒಂದೇ ಮೇಜಿನ ಮೇಲೆ ಹದಿನೈದು ವರ್ಷಗಳಿಂದ ನಮ್ಮ ನಿಘಂಟುಗಳೂ, ವ್ಯಾಖ್ಯಾನಗ್ರಂಥಗಳೂ, ಎಂದೋ ಬರೆದು ಮುಗಿಸಬೇಕೆಂದಿರುವ ಟಿಪ್ಪಣಿಗಳೂ ಹರಡಿಕೊಂಡಿರುವುವು. ಅವನ್ನು ಯಾರೂ ಕದಲಿಸಕೂಡದೆಂಬುದು ಮನೆಯ ಅಲಿಖಿತ ಶಾಸನ.

ಶಿಷ್ಯನು ಯಂತ್ರವನ್ನು ಮಗುಚಿ, ಹತ್ತು ಹನ್ನೆರಡು ಸಣ್ಣ ತಿರುಪುಗಳನ್ನು ಬಿಚ್ಚಿ, ಕೆಳಗಿನ ಹೊದಿಕೆಯನ್ನು ತೆಗೆದನು. ಫ್ಯಾನುಗಳ ಬಾಯಿಗೆ ಅಡ್ಡಲಾಗಿ ಬೂದುಬಣ್ಣದ ಕಂಬಳಿಯ ತುಂಡಿನಂತಹ ವಸ್ತುವೊಂದು ಹತ್ತಿಕೊಂಡಿತ್ತು. ಚಿಮುಟದಿಂದ ಅದನ್ನು ಎತ್ತಿದರೆ ಇಡಿಯಾಗಿ ಎದ್ದು ಬಂದಿತು. ಅದರಲ್ಲಿ ಬಳ್ಳಾರಿಯ ಕೆಂಧೂಳೂ, ಹಾಸಿಗೆಯ ಹತ್ತಿಯ ಎಳೆಗಳೂ, ಕೂದಲೂ, ಊದುಬತ್ತಿಯ ಜಿಡ್ಡೂ ಕೂಡಿದ್ದುವು. "ಇಷ್ಟೇ ನೋಡಿ ಮೇಷ್ಟ್ರೇ, ಉಸಿರು ಕಟ್ಟಿತ್ತು" ಎಂದನು. ಮೂವತ್ತು ಸಾವಿರದ ರೋಗದ ಮೂಲವು ಅಂಗೈಯಗಲದ ಕಸದಲ್ಲಿತ್ತು.

ಇನ್ನು ಈ ತಾಪದ ಸ್ವರೂಪವೇನೆಂಬುದನ್ನು ವಿಚಾರಿಸೋಣ. ವಿದ್ಯುತ್ತು ಹರಿಯುವ ತಂತಿಯಲ್ಲಿ ಶಾಖವು ಹೇಗೆ, ಎಷ್ಟು ಹುಟ್ಟುವುದೆಂಬ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಜೌಲನು 1840ರ ದಶಕದ ಆರಂಭದಲ್ಲಿಯೇ ನಿರೂಪಿಸಿದನು. ವಿದ್ಯುತ್ತಿನ ಮೋಟಾರು ನೀರನ್ನು ಮೇಲಕ್ಕೆತ್ತುವುದು; ದೀಪವು ಬೆಳಕನ್ನು ಕೊಡುವುದು; ಗಣಕದ ಚಿಪ್ಪಾದರೋ ಲೆಕ್ಕವನ್ನು ಮಾಡುವುದೇ ಹೊರತು ಯಾವ ಭಾರವನ್ನೂ ಎತ್ತದು. ಆದಕಾರಣ ಅದು ಕುಡಿದ ವಿದ್ಯುತ್ತೆಲ್ಲವೂ ಪ್ರಾಯಶಃ ಶಾಖವಾಗಿಯೇ ಹೊರಬೀಳುವುದು. 1946ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಎಂಬ ಗಣಕಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದುವು. ಅದು ಸುಮಾರು 150 ಕಿಲೋವಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ಅದರ ಕಾವನ್ನು ಹೊರದೂಡಲು ದೊಡ್ಡ ಗಾಳಿಯಂತ್ರಗಳೇ ಬೇಕಾಗಿದ್ದುವು. ಗಣಕವು ಹುಟ್ಟಿದಾಗಲೇ ಜ್ವರವೂ ಅದರೊಡನೆ ಹುಟ್ಟಿತೆಂದರೆ ತಪ್ಪಾಗದು.

ಮನೆಯಲ್ಲಿ ಪತ್ರ ಬರೆಯಲು, ಪತ್ರಿಕೆ ಓದಲು ಉಪಯೋಗಿಸುವ ಸಾಧಾರಣ ಲ್ಯಾಪ್‌ಟಾಪಿನ ಚಾರ್ಜರು 45 ಇಲ್ಲವೆ 65 ವಾಟುಗಳದು. ಗೇಮಿಂಗ್ ಲ್ಯಾಪ್‌ಟಾಪಿನದು 180, 230, ಕೆಲವೆಡೆ 330 ವಾಟುಗಳವರೆಗೂ ಇರುವುದು. ಹಳೆಯ ಕಾಲದ ನೂರು ವಾಟಿನ ಬಲ್ಬನ್ನು ಉರಿಯುವಾಗ ಮುಟ್ಟಿ ಕೈಸುಟ್ಟುಕೊಂಡವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ಅಂತಹ ಎರಡು ಬಲ್ಬುಗಳನ್ನು ಪಂಚಾಂಗದಷ್ಟು ದಪ್ಪದ ಪೆಟ್ಟಿಗೆಯೊಳಗೆ ಮುಚ್ಚಿಟ್ಟಂತೆ ಈ ಯಂತ್ರದ ಸ್ಥಿತಿ. ಆಟವೇ ಆಗಲಿ, ಎಲೆಯ ರೋಗವನ್ನು ಕಂಡುಹಿಡಿಯುವ ಲೆಕ್ಕವೇ ಆಗಲಿ, ಗ್ರಾಫಿಕ್ಸ್ ಚಿಪ್ಪಿಗೆ ಎರಡೂ ಒಂದೇ. ಎರಡರಲ್ಲಿಯೂ ಅದು ಪೂರ್ಣಶಕ್ತಿಯಿಂದ ದುಡಿದು ಬೆವರುವುದು. ಆಟವು ಪಾಪದ ಶಾಖವನ್ನೂ ಪಾಠವು ಪುಣ್ಯದ ಶಾಖವನ್ನೂ ಹುಟ್ಟಿಸುವುದೆಂಬ ಭೇದವು ಯಂತ್ರಕ್ಕಿಲ್ಲ. ಅದು ನಮ್ಮ ಮನಸ್ಸಿನದು.

ಈ ಶಾಖವನ್ನು ಹೊರಕ್ಕೆ ಸಾಗಿಸುವ ಏರ್ಪಾಡು ಬಹಳ ಸೊಗಸಾದುದು. ಚಿಪ್ಪಿನ ನೆತ್ತಿಯ ಮೇಲೆ ತಾಮ್ರದ ಚಪ್ಪಟೆ ನಳಿಗೆಗಳು ಹಾದುಹೋಗುವುವು. ಅವುಗಳ ಒಳಗಿನ ಗಾಳಿಯನ್ನು ತೆಗೆದು, ಕೊಂಚ ನೀರನ್ನಿಟ್ಟು, ಎರಡು ತುದಿಗಳನ್ನೂ ಮುಚ್ಚಿರುವರು. ಒತ್ತಡವು ಕಡಮೆಯಾದುದರಿಂದ ಆ ನೀರು ಸ್ವಲ್ಪ ಕಾವಿಗೇ ಆವಿಯಾಗುವುದು; ಆವಿಯು ತಣ್ಣನೆಯ ತುದಿಗೆ ಓಡಿ ಅಲ್ಲಿ ಶಾಖವನ್ನು ಬಿಟ್ಟು ಮತ್ತೆ ನೀರಾಗುವುದು; ನೀರು ನಳಿಗೆಯ ಒಳಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ, ದೀಪದ ಬತ್ತಿಯು ಎಣ್ಣೆಯನ್ನು ಸೆಳೆಯುವಂತೆ, ಬಿಸಿಯ ತುದಿಗೆ ಹಿಂದಿರುಗುವುದು. ಕಡಲ ನೀರು ಮೋಡವಾಗಿ ಮಳೆಯಾಗಿ ಮತ್ತೆ ಕಡಲನ್ನು ಸೇರುವ ಚಕ್ರವೇ ಗೇಣುದ್ದದ ನಳಿಗೆಯಲ್ಲಿ ಹಗಲಿರುಳೂ ತಿರುಗುತ್ತಿರುವುದು. ಅಮೆರಿಕೆಯ ರಿಚರ್ಡ್ ಗಾಗ್ಲರನು ಈ ಕಲ್ಪನೆಗೆ 1944ರಲ್ಲಿ ಹಕ್ಕುಪತ್ರವನ್ನು ಪಡೆದಿದ್ದನು. 1963ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರನು ಸ್ವತಂತ್ರವಾಗಿ ಅದನ್ನು ನಿರ್ಮಿಸಿ ಬಳಕೆಗೆ ತಂದನು. ನಳಿಗೆಯ ತಣ್ಣನೆಯ ತುದಿಯಲ್ಲಿ ಬಾಚಣಿಗೆಯ ಹಲ್ಲುಗಳಂತೆ ಒತ್ತಾದ ತೆಳುತಗಡುಗಳಿರುವುವು. ಫ್ಯಾನು ಕೆಳಗಿನಿಂದ ತಣ್ಣನೆಯ ಗಾಳಿಯನ್ನು ಸೆಳೆದು ಈ ಹಲ್ಲುಗಳ ನಡುವೆ ಊದುವುದು. ಬಿಸಿಗಾಳಿಯು ಹಿಂದಿನಿಂದಲೋ ಪಕ್ಕದಿಂದಲೋ ಹೊರಹೋಗುವುದು.

ಈ ಕ್ರಮವನ್ನು ತಿಳಿದ ಮೇಲೆ ರೋಗದ ಸ್ಥಾನವೂ ತಾನಾಗಿ ತಿಳಿಯುವುದು. ಹಾಸಿಗೆಯ ಮೇಲಿಟ್ಟರೆ ಕೆಳಗಿನ ಗಂಡಿಗಳು ಮುಚ್ಚಿ ಶ್ವಾಸವು ನಿಲ್ಲುವುದು. ಹಲ್ಲುಗಳ ನಡುವೆ ಧೂಳು ಕಟ್ಟಿಕೊಂಡರೆ ನಿಃಶ್ವಾಸವು ನಿಲ್ಲುವುದು. ಚಿಪ್ಪಿಗೂ ತಾಮ್ರಕ್ಕೂ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟು ಎಂಬ ಲೇಪವು ಕೆಲವು ವರ್ಷಗಳಲ್ಲಿ ಒಣಗಿ ಬಿರಿದರೆ ಶಾಖವು ನಳಿಗೆಯನ್ನು ಸೇರುವ ದಾರಿಯೇ ಕೆಡುವುದು. ಇವುಗಳ ಜೊತೆಗೆ ಕೋಣೆಯ ಗಾಳಿಯೇ 40 ಡಿಗ್ರಿಯಾಗಿದ್ದರೆ ಗತಿಯೇನು? ಹಲವು ತಯಾರಕರು ತಮ್ಮ ಲ್ಯಾಪ್‌ಟಾಪುಗಳನ್ನು 35 ಡಿಗ್ರಿಯವರೆಗಿನ ಹವೆಯಲ್ಲಿ ಉಪಯೋಗಿಸಬೇಕೆಂದು ಕೈಪಿಡಿಯಲ್ಲಿಯೇ ಸೂಚಿಸಿರುವರು. ಕೋಣೆಯ ಉಷ್ಣಮಾನವು ಎಷ್ಟು ಏರುವುದೋ ಚಿಪ್ಪಿನದೂ ಹೆಚ್ಚುಕಡಮೆ ಅಷ್ಟೇ ಏರುವುದು. ನಮ್ಮ ಬಿಸಿಲುಸೀಮೆಯಲ್ಲಿ ಭಾರಿಯ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದು ಒಕ್ಕಲಿಗನಿಗೆ ಹೇಗೋ ಗಣಕಕ್ಕೂ ಹಾಗೆಯೇ ಹಿತ.

ಯಂತ್ರವು ನಿಧಾನವಾಗುವುದನ್ನೂ ಆರಿಹೋಗುವುದನ್ನೂ ನಾವು ಅದರ ಹಟವೆಂದು ತಿಳಿದಿದ್ದೆವು; ಅದು ವಿವೇಕವೆಂದು ಈಗ ತಿಳಿದಿದೆ. ಚಿಪ್ಪಿನ ಒಳಗೆ ಉಷ್ಣಮಾನವನ್ನು ಅಳೆಯುವ ಕಾವಲುಗಾರರಿರುವರು. ಜಾತಿಗೆ ತಕ್ಕಂತೆ 95ರಿಂದ 105 ಡಿಗ್ರಿಯ ಮಿತಿಯನ್ನು ಮುಟ್ಟಿದೊಡನೆ ಚಿಪ್ಪು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಅಷ್ಟಕ್ಕೂ ಕಾವು ಇಳಿಯದಿದ್ದರೆ, ಸುಟ್ಟುಹೋಗುವುದರ ಬದಲು ಆರಿಹೋಗುವುದೇ ಮೇಲೆಂದು ಆರಿಹೋಗುವುದು. ಭಾರವಾದ ಕೆಲಸದಲ್ಲಿ 80ರಿಂದ 90 ಡಿಗ್ರಿಯನ್ನು ಕಾಣುವುದು ಇಂತಹ ಯಂತ್ರಗಳಲ್ಲಿ ಸಾಮಾನ್ಯ. ಅದಕ್ಕೆ ಗಾಬರಿ ಬೇಡ. ಮಿತಿಯನ್ನೇ ಮತ್ತೆ ಮತ್ತೆ ಮುಟ್ಟುತ್ತಿದ್ದರೆ, ಏನೂ ಕೆಲಸವಿಲ್ಲದಾಗಲೂ ಫ್ಯಾನು ಮೊರೆಯುತ್ತಿದ್ದರೆ, ಆಗ ಮಾತ್ರ ಚಿಕಿತ್ಸೆ ಬೇಕು.

ಚಿಕಿತ್ಸೆಗೆ ಮುಂಚೆ ನಾಡಿಯನ್ನು ನೋಡಬೇಕು. ಈಗಿನ ವಿಂಡೋಸ್ ಗಣಕಗಳಲ್ಲಿ ಟಾಸ್ಕ್ ಮ್ಯಾನೇಜರ್ ಎಂಬುದನ್ನು ತೆರೆದರೆ ಗ್ರಾಫಿಕ್ಸ್ ಚಿಪ್ಪಿನ ಉಷ್ಣಮಾನವು ಕಾಣುವುದು. ಪ್ರೊಸೆಸರಿನದನ್ನು ನೋಡಲು ಎಚ್‌ಡಬ್ಲ್ಯೂಇನ್ಫೋ ಮೊದಲಾದ ತಂತ್ರಾಂಶಗಳು ಮನೆಬಳಕೆಗೆ ಉಚಿತವಾಗಿ ದೊರೆಯುವುವು. ಸುಮ್ಮನಿರುವಾಗ ಎಷ್ಟು, ಹತ್ತು ನಿಮಿಷ ದುಡಿದ ಮೇಲೆ ಎಷ್ಟು ಎಂದು ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು. ಪ್ರತಿಯೊಂದು ಉಪಾಯವನ್ನು ಮಾಡಿದ ಮೇಲೂ ಮತ್ತೆ ಅಳೆದು ನೋಡಿದರೆ ಯಾವುದು ಫಲ ಕೊಟ್ಟಿತೆಂಬುದು ನಿರ್ವಿವಾದವಾಗಿ ತಿಳಿಯುವುದು. ನಾವು ಊಟದ ಹೊತ್ತಿನ ತೀರ್ಪಿಗೆ ಮುಂಚೆ ಇಷ್ಟನ್ನು ಮಾಡಿದ್ದರೆ ಮೂರು ದಿನದ ಮೌನವು ಉಳಿಯುತ್ತಿತ್ತು.

ಮೊದಲನೆಯ ಉಪಾಯವು ಸ್ಥಾನಶುದ್ಧಿ. ಹಾಸಿಗೆ, ದಿಂಬು, ಸೋಫಾ, ಜಮಖಾನೆ, ಇವು ಯಾವುವೂ ಲ್ಯಾಪ್‌ಟಾಪಿಗೆ ಪೀಠವಲ್ಲ. ಗಟ್ಟಿಯಾದ ಸಮತಲವೇ ಬೇಕು. ಹಿಂಭಾಗವನ್ನು ಒಂದು ಅಂಗುಲದಷ್ಟು ಎತ್ತಿ, ಗಾಳಿಗಂಡಿಗಳಿಗೆ ಅಡ್ಡವಾಗದಂತೆ ಎರಡು ಮರದ ತುಂಡುಗಳ ಮೇಲೆ ಇರಿಸಿದರೂ ಸಾಕು; ಗಾಳಿಯ ಸಂಚಾರವು ಸುಗಮವಾಗುವುದು. ಹಿಂದೆ ಗೋಡೆಗೆ ಅಂಟಿಸಿಡಬಾರದು; ಹೊರಬಿದ್ದ ಬಿಸಿಗಾಳಿಯೇ ಮತ್ತೆ ಒಳಹೊಕ್ಕೀತು. ಫ್ಯಾನುಗಳುಳ್ಳ ಕೂಲಿಂಗ್ ಪ್ಯಾಡುಗಳಿಂದಲೂ ಕೆಲವು ಡಿಗ್ರಿಗಳ ಲಾಭವುಂಟು. ಆದರೆ ಒಳಗೆ ಧೂಳು ತುಂಬಿರುವಾಗ ಅವು ಉಸಿರುಕಟ್ಟಿದವನಿಗೆ ಬೀಸಣಿಗೆ ಬೀಸಿದಂತೆ.

ಎರಡನೆಯದು ಕೊಳೆ ತೆಗೆಯುವುದು. ಯಂತ್ರವನ್ನು ಪೂರ್ತಿಯಾಗಿ ಆರಿಸಿ, ಚಾರ್ಜರನ್ನು ಕಿತ್ತು, ತಣ್ಣಗಾದ ಮೇಲೆಯೇ ಈ ಕೆಲಸಕ್ಕೆ ತೊಡಗತಕ್ಕದ್ದು. ಮೃದುವಾದ ಕುಂಚದಿಂದ ಗಂಡಿಗಳ ಧೂಳನ್ನು ತೆಗೆಯಬಹುದು. ಡಬ್ಬಿಯ ಗಾಳಿಯನ್ನು ಊದುವುದಾದರೆ ಚಿಕ್ಕ ಚಿಕ್ಕ ಊದುಗಳಲ್ಲಿ ಊದಬೇಕು. ಫ್ಯಾನಿನ ರೆಕ್ಕೆಗಳು ಮಿತಿಮೀರಿ ತಿರುಗಿ ಕೆಡದಂತೆ ಒಂದು ಕಡ್ಡಿಯಿಂದ ಅವನ್ನು ತಡೆದು ಹಿಡಿಯಬೇಕು. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರನ್ನು ಉಪಯೋಗಿಸಬಾರದು. ಅದರಿಂದ ಹುಟ್ಟುವ ಸ್ಥಾಯಿ ವಿದ್ಯುತ್ತು ಸೂಕ್ಷ್ಮ ಭಾಗಗಳಿಗೆ ಹಾನಿಮಾಡಬಹುದು. ಕಂಬಳಿಯಂತೆ ಕಟ್ಟಿದ ಧೂಳು ಹೊರಗಿನಿಂದ ಊದಿದರೆ ಹೋಗದು. ಹೊದಿಕೆಯನ್ನು ಬಿಚ್ಚಿಯೇ ತೆಗೆಯಬೇಕು. ವಾರಂಟಿಯ ಅವಧಿಯಿದ್ದರೆ ತಯಾರಕರ ಸೇವಾಕೇಂದ್ರಕ್ಕೆ ಒಯ್ಯುವುದು ಮೇಲು; ಇಲ್ಲದಿದ್ದರೆ ಬಲ್ಲವರ ಕೈಗೆ ಕೊಡುವುದು. ನಮ್ಮ ಧೂಳಿನ ನಾಡಿನಲ್ಲಿ ವರ್ಷಕ್ಕೊಮ್ಮೆಯಾದರೂ, ಬೇಸಗೆ ಬರುವ ಮುಂಚೆ, ಇದನ್ನು ಮಾಡಿಸುವುದು ಒಳ್ಳೆಯದು.

ಮೂರನೆಯದು ಲೇಪವನ್ನು ಹೊಸದು ಮಾಡುವುದು. ಹಳೆಯ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಹೊಸದನ್ನು ತೆಳುವಾಗಿ ಹಚ್ಚುವರು. ಕೆಲವು ಯಂತ್ರಗಳಲ್ಲಿ ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ ಎಂಬ, ಗ್ಯಾಲಿಯಂ ಬೆರೆತ ದ್ರವಲೋಹವಿರುವುದು. ಅದು ವಿದ್ಯುತ್ತನ್ನು ಹರಿಯಗೊಡುವುದು, ಅಲ್ಯೂಮಿನಿಯಮ್ಮನ್ನು ತಿಂದುಹಾಕುವುದು, ಒಂದು ಹನಿ ಎಡವಟ್ಟಿನಲ್ಲಿ ಬಿದ್ದರೂ ಫಲಕವು ಕೆಟ್ಟೀತು. ಅಭ್ಯಾಸವಿಲ್ಲದವರು ಅದರ ತಂಟೆಗೆ ಹೋಗಬಾರದು.

ನಾಲ್ಕನೆಯದು ಮಿತಾಚಾರ, ಇದಕ್ಕೆ ಕಾಸಿನ ಖರ್ಚೂ ಇಲ್ಲ. ಚಿಪ್ಪಿನ ಶಾಖವು ಅದರ ವೇಗದೊಡನೆ ಮಾತ್ರವಲ್ಲದೆ ಅದಕ್ಕೆ ಕೊಡುವ ವೋಲ್ಟೇಜಿನ ವರ್ಗದೊಡನೆಯೂ ಏರುವುದು. ಹೆಚ್ಚಿನ ವೇಗಕ್ಕೆ ಹೆಚ್ಚಿನ ವೋಲ್ಟೇಜು ಬೇಕು. ಆದ್ದರಿಂದ ವೇಗವನ್ನು ಕೊಂಚ ತಗ್ಗಿಸಿದರೆ ಶಾಖವು ಅದಕ್ಕಿಂತ ಹೆಚ್ಚಾಗಿ ತಗ್ಗುವುದು. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ, ಬಹಳ ಯಂತ್ರಗಳಲ್ಲಿ ಟರ್ಬೊ ಎಂಬ ಅತಿವೇಗದ ಓಟವು ನಿಂತು ಕಾವು ಗಣನೀಯವಾಗಿ ಇಳಿಯುವುದು. ಆಟವಾಡುವವರು ಪರದೆಯ ಚಿತ್ರಗಳ ವೇಗಕ್ಕೆ ಸೆಕೆಂಡಿಗೆ 60 ಎಂಬ ಮಿತಿಯನ್ನು ಇಟ್ಟುಕೊಳ್ಳಬಹುದು. ಸಾಮಾನ್ಯ ಪರದೆಯು ತೋರಿಸುವುದೇ ಅಷ್ಟು. ಅದಕ್ಕೆ ಮೀರಿ ಚಿಪ್ಪು ಬರೆದ ಚಿತ್ರಗಳು ಕಣ್ಣಿಗೂ ಬೀಳದೆ ಬರಿಯ ಶಾಖವಾಗಿ ವ್ಯರ್ಥವಾಗುವುವು.

ಇನ್ನು ಬ್ಯಾಟರಿಯ ವಿಷಯ. ಗೃಹಸ್ಥರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇವೆ. ನಮ್ಮ ಯಂತ್ರವನ್ನು ಬಿಚ್ಚಿದ ಶಿಷ್ಯನು ಧೂಳನ್ನು ತೋರಿಸಿ ನಕ್ಕವನು, ಬ್ಯಾಟರಿಯನ್ನು ಕಂಡೊಡನೆ ನಗೆಯನ್ನು ನಿಲ್ಲಿಸಿದನು. ಅದರ ಒಂದು ಮಗ್ಗುಲು ಹಪ್ಪಳದಂತೆ ಉಬ್ಬಿತ್ತು. "ರಾತ್ರಿ ಚಾರ್ಜಿಗೆ ಹಾಕಿ ಹಾಸಿಗೆ ಮೇಲೇ ಬಿಡ್ತಿದ್ರಾ?" ಎಂದು ಕೇಳಿದನು. ಹೌದು, ಬಿಡುತ್ತಿದ್ದನು, ಅದರ ಪಕ್ಕದಲ್ಲಿಯೇ ಮಲಗುತ್ತಿದ್ದನು. ಲಿಥಿಯಮ್ ಅಯಾನ್ ಬ್ಯಾಟರಿಯು ಲೋಕಕ್ಕೆ ಮಹೋಪಕಾರವನ್ನು ಮಾಡಿರುವುದು. ಅದನ್ನು ರೂಪಿಸಿದ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಸಂದಿತು. ಆದರೆ ಅದು ತಾಪವನ್ನು ಸಹಿಸದು. ಹೆಚ್ಚು ಕಾವಿನಲ್ಲಿ ಅದು ಬೇಗ ಮುದಿಯಾಗುವುದು. ಒಳಗೆ ಅನಿಲವು ಹುಟ್ಟಿ ಉಬ್ಬುವುದು. ಕೆಟ್ಟ ಘಳಿಗೆಯಲ್ಲಿ ಹೊತ್ತಿಕೊಳ್ಳುವುದೂ ಉಂಟು. 2006ರಲ್ಲಿ ಬೆಂಕಿಯ ಭಯದಿಂದ ಡೆಲ್ ಸಂಸ್ಥೆಯು ಲ್ಯಾಪ್‌ಟಾಪುಗಳ 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು.

ಉಬ್ಬಿದ ಬ್ಯಾಟರಿಯನ್ನು ಬಿಚ್ಚದೆಯೇ ಗುರುತಿಸಬಹುದು. ಟಚ್‌ಪ್ಯಾಡು ಮೇಲಕ್ಕೆದ್ದಿರುವುದು, ಮುಚ್ಚಳವು ಸರಿಯಾಗಿ ಕೂಡದಿರುವುದು, ಮೇಜಿನ ಮೇಲಿಟ್ಟರೆ ಯಂತ್ರವು ತೊಟ್ಟಿಲಂತೆ ಅಲುಗಾಡುವುದು, ಇವು ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಚಾರ್ಜು ಮಾಡುವುದನ್ನು ನಿಲ್ಲಿಸಿ, ಯಂತ್ರವನ್ನು ಆರಿಸಿ, ಬಲ್ಲವರಲ್ಲಿಗೆ ಒಯ್ಯತಕ್ಕದ್ದು. ಉಬ್ಬನ್ನು ಒತ್ತುವುದಾಗಲಿ, ಸೂಜಿಯಿಂದ ಚುಚ್ಚುವುದಾಗಲಿ ಎಂದಿಗೂ ಕೂಡದು. ಹಳೆಯ ಬ್ಯಾಟರಿಯನ್ನು ಮನೆಯ ಕಸದ ಬುಟ್ಟಿಗೆ ಹಾಕದೆ ಮಾರಾಟಗಾರರಿಗೋ ಸಂಗ್ರಹಣ ಕೇಂದ್ರಕ್ಕೋ ಕೊಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯವೂ ಅದೇ. ಸದಾ ಚಾರ್ಜರಿಗೆ ಸಿಕ್ಕಿಸಿಯೇ ಉಪಯೋಗಿಸುವವರು, ತಮ್ಮ ಯಂತ್ರದಲ್ಲಿ ಚಾರ್ಜನ್ನು ನೂರಕ್ಕೆ ಎಂಬತ್ತಕ್ಕೆ ನಿಲ್ಲಿಸುವ ಆಯ್ಕೆಯಿದ್ದರೆ ಅದನ್ನು ಆರಿಸಿಕೊಂಡರೆ ಬ್ಯಾಟರಿಯ ಆಯುಸ್ಸು ಬೆಳೆಯುವುದು.

ದೇಹದ ಮಾತನ್ನೂ ಹೇಳಬೇಕು. ಹಿಂದೆ ಒಲೆಯ ಮುಂದೆ, ಅಗ್ಗಿಷ್ಟಿಕೆಯ ಮುಂದೆ ದಿನವೂ ಬಹುಕಾಲ ಕೂಡುತ್ತಿದ್ದವರ ಕಾಲುಗಳ ಮೇಲೆ ಬಲೆಯಂತಹ ಕಂದುಗೆರೆಗಳು ಮೂಡುತ್ತಿದ್ದುದನ್ನು ವೈದ್ಯರು ಬಲ್ಲರು. ತಿಂಗಳುಗಟ್ಟಲೆ ದಿನವೂ ಕೆಲವು ಗಂಟೆಗಳ ಕಾಲ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಆಡಿದ 12 ವರ್ಷದ ಬಾಲಕನೊಬ್ಬನ ತೊಡೆಯಲ್ಲಿ ಅದೇ ಬಗೆಯ ಗುರುತುಗಳು ಮೂಡಿದುದನ್ನು ಸ್ವಿಟ್ಜರ್ಲೆಂಡಿನ ವೈದ್ಯರು 2010ರಲ್ಲಿ ಪ್ರಕಟಿಸಿದರು. ಸುಡುವಷ್ಟು ಬಿಸಿಯಲ್ಲವೆಂದು ಉದಾಸೀನ ಮಾಡಬಾರದು. ಸುಡದ ಕಾವೂ ದಿನದಿನವೂ ತಗುಲಿದರೆ ಚರ್ಮವನ್ನು ಕೆಡಿಸಬಲ್ಲುದು. ಹೆಸರಿನಲ್ಲಿ ಮಡಿಲೆಂಬ ಅರ್ಥವಿದ್ದರೂ ಈ ಯಂತ್ರವು ಮಡಿಲಿಗೆ ಹೇಳಿದುದಲ್ಲ.

ನಮ್ಮ ಶಿಷ್ಯನು ಧೂಳನ್ನು ತೆಗೆದು, ಪೇಸ್ಟನ್ನು ಹಚ್ಚಿ, ಹೊಸ ಬ್ಯಾಟರಿಯನ್ನು ತರಿಸಿ ಕೂಡಿಸಿದನು. ಎಲ್ಲವೂ ಸೇರಿ ಏಳು ಸಾವಿರದೊಳಗೆ ಮುಗಿಯಿತು. ತನ್ನ ಕೂಲಿಯನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. "ನೀವು ನನ್ನ ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿದ್ರಿ, ಅದಕ್ಕೆ ವಜಾ ಮಾಡ್ಕೊಳ್ಳಿ" ಎಂದು ನಕ್ಕನು. ನಾವು ಬಲವಂತದಿಂದ ಕೊಟ್ಟು ಬಂದೆವು.

ಅಂದು ಸಂಜೆ ಮನೆಗೆ ಬಂದು ನಾವು ಮಾಡಿದ ಮೊದಲ ಕೆಲಸವು ಮೇಜನ್ನು ಬರಿದು ಮಾಡುವುದು. ನಿಘಂಟುಗಳು ಗೂಡಿನೊಳಕ್ಕೆ ಹೋದುವು. ಹದಿನೈದು ವರ್ಷಗಳ ಟಿಪ್ಪಣಿಗಳನ್ನು ನೋಡಿದರೆ, ಉಳಿಸಿಕೊಳ್ಳಬೇಕಾದವು ಒಂದು ಕಟ್ಟಿಗೆ ಮೀರಲಿಲ್ಲ. ಅರ್ಧ ಮೇಜು ಅವನದು, ಅರ್ಧ ನಮ್ಮದು ಎಂದು ತೀರ್ಮಾನವಾಯಿತು. ಯಂತ್ರದ ಹಿಂಭಾಗಕ್ಕೆ ಎರಡು ಮರದ ತುಂಡುಗಳನ್ನು ಇಟ್ಟೆವು. ಹಿಂದೆ ಹತ್ತು ನಿಮಿಷಕ್ಕೆ 98 ಡಿಗ್ರಿಯನ್ನು ಮುಟ್ಟುತ್ತಿದ್ದ ಪ್ರೊಸೆಸರು ಅದೇ ಕೆಲಸದಲ್ಲಿ ಒಂದು ಗಂಟೆಯಾದರೂ 83ಕ್ಕೆ ನಿಂತಿತು. ಆಗ ನಾವೇ, "ಆ ಆಟವನ್ನೂ ಒಮ್ಮೆ ಹಾಕಿ ನೋಡಪ್ಪಾ, ಅದು ಎಷ್ಟು ಏರುವುದೋ ನೋಡೋಣ" ಎಂದೆವು. ಅವನು ನಮ್ಮನ್ನು ನೋಡಿ, "ನಿಜವಾಗ್ಲೂ ಹೇಳ್ತಿದೀರಾ ಅಪ್ಪಾ?" ಎಂದನು. ಅಳಿಸಿದ್ದ ಆಟವನ್ನು ಮತ್ತೆ ಇಳಿಸಿಕೊಂಡು ಅರ್ಧ ಗಂಟೆ ಆಡಿದನು. 81 ಡಿಗ್ರಿ. ನಾವು ಎರಡು ಅಂಕಿಗಳನ್ನೂ ಚೀಟಿಯಲ್ಲಿ ಬರೆದು, ಕೆಳಗೆ ನಮ್ಮ ಸಹಿಯನ್ನು ಹಾಕಿ ಅವನ ಕೈಗೆ ಕೊಟ್ಟೆವು. ತಪ್ಪೊಪ್ಪಿಗೆಯನ್ನು ಬಾಯಿಂದ ಹೇಳುವುದಕ್ಕಿಂತ ಅಂಕಿಗಳಲ್ಲಿ ಬರೆದುಕೊಡುವುದು ಮೇಷ್ಟರಿಗೆ ಸುಲಭ.

ಪರೀಕ್ಷಕರ ಮುಂದೆ ಅವನ ಕೆಲಸವು ಸಾಂಗವಾಗಿ ನಡೆಯಿತು. ಯಂತ್ರವು ಎಲೆಗಳ ರೋಗವನ್ನು ಗುರುತಿಸಿತು, ತಾನು ಆರಲಿಲ್ಲ. ಈಗಲೂ ಸಂಜೆಯ ಹೊತ್ತು ಮೇಜಿನ ಆ ಬದಿಯಲ್ಲಿ ಅವನ ಫ್ಯಾನು ಮೆಲ್ಲಗೆ ಗುನುಗುತ್ತಿರುವುದು. ಈ ಬದಿಯಲ್ಲಿ ನಾವು ಕುಳಿತು ಬರೆಯುತ್ತಿರುವೆವು. ಈ ಲೇಖನವನ್ನು ಬರೆದುದೂ ಆ ಅರ್ಧ ಮೇಜಿನ ಮೇಲೆಯೇ. ವಾಚಕರ ಮನೆಯಲ್ಲಿ ಇಂತಹ ಯಂತ್ರವೊಂದು ಹಾಸಿಗೆಯ ಮೇಲೆ ಮೊರೆಯುತ್ತಿದ್ದರೆ, ಹುಡುಗನನ್ನು ಗದರಿಸುವ ಮುಂಚೆ ಅದನ್ನೊಮ್ಮೆ ಎತ್ತಿ ಕೆಳಗೆ ಕೈಯಿಟ್ಟು ನೋಡಬೇಕೆಂದೂ, ಅನಂತರ ತಮ್ಮ ಮೇಜಿನ ಕಡೆಗೊಮ್ಮೆ ನೋಡಬೇಕೆಂದೂ ನಮ್ಮ ಬಿನ್ನಹ.